ಜಗಲಿ ಕೋಣೆಯಾಗುವ ಮುನ್ನ

ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಕಾರವಾರ, ಅಂಕೋಲೆಗಳ ಕೇರಿಗಳಲ್ಲಿ ಬಡಗಿಯ ಗರಗಸದ ಸದ್ದೂ ಶುರುವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮುಗಿಯಬೇಕಾದ ಕೆಲಸಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಕೆಲಸ ಮೇಲಿಂದ ಮೇಲೆ ಕಾಣಿಸುತ್ತಿದೆ. ಅದು ಜಗಲಿಯನ್ನು ಮುಚ್ಚಿ ಕೋಣೆ ಮಾಡುವ ಕೆಲಸ. ಮಗಳು ಬರುವ ವರ್ಷ ಹತ್ತನೇ ಇಯತ್ತೆ, ಇಲ್ಲವೇ ಮಗ ಪಿಯುಸಿ. ಓದಲು ಒಂದು ಬೇರೆ ಕೋಣೆ ಬೇಕು. ಹೊಸದಾಗಿ ಕಟ್ಟಿಸೋಣವೆಂದರೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಜಗಲಿಗೆ ಮಾಡು ಇದೆ, ನೆಲ ಇದೆ, ಒಂದು ಕಡೆಗೆ ಗೋಡೆಯೂ ಇದೆ. ಉಳಿದ ಕಡೆ ಗೋಡೆ ಎಬ್ಬಿಸಿ ಒಂದು ಬಾಗಿಲು, ಎರಡು ಕಿಟಕಿ ಇಟ್ಟರಾಯಿತು, ಅಷ್ಟೇ ತಾನೆ ಎಂದು ಪಾಲಕರು ಅಂದುಕೊಳ್ಳುತ್ತಾರೆ.

ಅಷ್ಟೇ ಅಲ್ಲ. ಆ ಒಂದು ಬಾಗಿಲು, ಎರಡು ಕಿಟಕಿಗಳಲ್ಲಿ ಎಂಟನೇ ಇಯತ್ತೆಯಿಂದ ಪಿಯುಸಿಯವರೆಗಿನ ವಿಜ್ಞಾನ ಪುಸ್ತಕದ ಅರ್ಧದಷ್ಟು ಪಾಠ ಅಡಗಿದೆ. ಪಾಠ ತಪ್ಪಿದರೆ ಕಳೆಯುವುದು ಅಂಕವಲ್ಲ. ಮನೆಯವರ ಗಾಳಿ, ಬೆಳಕು, ಕೆಲವೊಮ್ಮೆ ಜೀವವೇ ಅಪಾಯಕ್ಕೆ ಸಿಲುಕುತ್ತದೆ. ಆದ್ದರಿಂದ ಈ ವಾರ ವಿದ್ಯಾರ್ಥಿಗಳೂ ಪಾಲಕರೂ ಒಟ್ಟಿಗೆ ಕುಳಿತು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ಮನೆಗೆ ತಾಗಿಸಿ ಗಾಜಿನ ಕೋಣೆ ಕಟ್ಟುವ ರೂಢಿಯಿದೆ. ಬಿಸಿಲನ್ನು ಒಳಗೆ ಬಿಟ್ಟುಕೊಂಡು ಅದರ ಶಾಖವನ್ನು ಹಿಡಿದಿಡುವುದು ಅದರ ಕೆಲಸ. ಅಲ್ಲಿಯ ಜನ ಅದನ್ನು ವಾಸದ ಕೋಣೆಯಾಗಿ ಮಾರ್ಪಡಿಸುವಾಗ ಶಾಖ ಹೊರಗೆ ಸೋರದಂತೆ ಬಾಗಿಲು ಕಿಟಕಿ ಕೂರಿಸುವುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಜಗಲಿ ಇದಕ್ಕೆ ತದ್ವಿರುದ್ಧ. ಬಿಸಿಲನ್ನೂ ಮಳೆಯನ್ನೂ ಹೊರಗೆ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಅದು ಒಳಮನೆಯ ಶ್ವಾಸಕೋಶ ಎಂದರೂ ತಪ್ಪಿಲ್ಲ. ಅದನ್ನು ಮುಚ್ಚುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಹೊಸ ಕೋಣೆ ಹೇಗಿರುತ್ತದೆ ಎಂಬುದಲ್ಲ. ಹಳೆಯ ಕೋಣೆಯ ಗತಿಯೇನು ಎಂಬುದು.

ಒಳಕೋಣೆಯ ಪಾಲು

ಜಗಲಿಗೆ ತಾಗಿದ ಒಳಕೋಣೆಯ ಕಿಟಕಿ ಸಾಮಾನ್ಯವಾಗಿ ಜಗಲಿಗೇ ತೆರೆದಿರುತ್ತದೆ. ಬಹಳಷ್ಟು ಮನೆಗಳಲ್ಲಿ ಆ ಕೋಣೆಯಲ್ಲಿ ಮಲಗುವವರು ಅಜ್ಜ, ಅಜ್ಜಿ. ಜಗಲಿ ಮುಚ್ಚಿದ ದಿನವೇ ಅವರ ಕಿಟಕಿ ಹೊರಗಾಳಿಗೆ ತೆರೆಯುವುದು ನಿಂತು, ಇನ್ನೊಂದು ಕೋಣೆಗೆ ತೆರೆಯತೊಡಗುತ್ತದೆ. ಮೊಮ್ಮಗನಿಗೆ ಕೋಣೆ ಸಿಕ್ಕಿತು, ಅಜ್ಜಿಯ ಕೋಣೆಗೆ ಹಗಲಿನಲ್ಲೂ ದೀಪ ಹಾಕುವ ಕಾಲ ಬಂತು. ಮಳೆಗಾಲದಲ್ಲಿ ಆ ಕೋಣೆಯ ಹಾಸಿಗೆಗೆ ಬೂಸು ಹಿಡಿಯುತ್ತದೆ, ಅಜ್ಜಿಯ ಕೆಮ್ಮು ಹೆಚ್ಚುತ್ತದೆ, ಯಾರಿಗೂ ಕಾರಣ ಹೊಳೆಯುವುದಿಲ್ಲ.

ಇದನ್ನು ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲೇ ಯೋಚಿಸಿದೆ. ವಾಸದ ಕೋಣೆಯ ಕಿಟಕಿಗಳು ನೇರವಾಗಿ ಹೊರಗಾಳಿಗೆ ತೆರೆಯಬೇಕು, ಇಲ್ಲವೇ 2.4 ಮೀಟರಿಗಿಂತ ಅಗಲವಿಲ್ಲದ ತೆರೆದ ಜಗಲಿಗೆ ತೆರೆಯಬೇಕು ಎನ್ನುತ್ತದೆ ಅದು. ಇಲ್ಲಿ ‘ತೆರೆದ’ ಎಂಬ ಶಬ್ದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಕಿಟಕಿಗಳ ಒಟ್ಟು ವಿಸ್ತೀರ್ಣ ಎಷ್ಟಿರಬೇಕೆಂದೂ ಅದರಲ್ಲಿದೆ. ಬಿಸಿ ಮತ್ತು ಒಣ ಹವೆಯ ಊರಿನಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ. ನಮ್ಮಂಥ ಬಿಸಿ ಮತ್ತು ತೇವದ ಹವೆಯಲ್ಲಿ ಆರನೇ ಒಂದು ಭಾಗ. ಬಾಗಿಲು ಈ ಲೆಕ್ಕಕ್ಕೆ ಸೇರುವುದಿಲ್ಲ.

ನಿಮ್ಮ ಜಗಲಿ 4 ಮೀಟರ್ ಉದ್ದ, 2.4 ಮೀಟರ್ ಅಗಲ ಇದೆ ಎನ್ನೋಣ. ನೆಲ 9.6 ಚದರ ಮೀಟರ್. ಆರರಿಂದ ಭಾಗಿಸಿದರೆ 1.6. ಅಂದರೆ ಕನಿಷ್ಠ 1.6 ಚದರ ಮೀಟರ್ ಕಿಟಕಿ ಬೇಕು. 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರದ ಎರಡು ಕಿಟಕಿ ಇಟ್ಟರೆ 2.16 ಚದರ ಮೀಟರ್ ಆಗಿ ಹೊಸ ಕೋಣೆಯ ಪಾಲು ಮುಗಿಯುತ್ತದೆ. ಆದರೆ ಈಗ ಈ ಕಿಟಕಿಗಳು ಎರಡು ಕೋಣೆಗಳಿಗೆ ಉಸಿರು ಕೊಡಬೇಕು. ಒಳಕೋಣೆಗೆ ಬೇರೆ ಗೋಡೆಯಲ್ಲಿ ಹೊಸ ಕಿಟಕಿ ಒಡೆಯಲು ಸಾಧ್ಯವಿದ್ದರೆ ಆ ಕೆಲಸ ಮೊದಲು ಆಗಲಿ, ಜಗಲಿಯ ಕೆಲಸ ಆಮೇಲೆ. ಸಾಧ್ಯವಿಲ್ಲದಿದ್ದರೆ ಜಗಲಿಯ ಅರ್ಧವನ್ನು ಮಾತ್ರ ಮುಚ್ಚಿ, ಕಿಟಕಿಯ ಮುಂದಿನ ಅರ್ಧವನ್ನು ತೆರೆದೇ ಬಿಡುವುದು ಜಾಣತನ. ಕೋಣೆ ಚಿಕ್ಕದಾದೀತು, ಆದರೆ ಮನೆ ಕತ್ತಲಾಗದು.

ಗಾಳಿಯ ಲೆಕ್ಕ

ಒಬ್ಬ ವಿದ್ಯಾರ್ಥಿ ಕುಳಿತು ಓದುವಾಗ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈ ಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ನಮ್ಮ ಹೊಸ ಕೋಣೆಯ ಸರಾಸರಿ ಎತ್ತರ ಎರಡೂವರೆ ಮೀಟರ್ ಎಂದರೆ ಅದರಲ್ಲಿ ಹಿಡಿಯುವ ಗಾಳಿ 24 ಘನ ಮೀಟರ್, ಅಂದರೆ 24 ಸಾವಿರ ಲೀಟರ್. ಕೋಣೆಯನ್ನು ಪೂರ್ತಿ ಮುಚ್ಚಿದರೆ ಗಂಟೆಗೊಮ್ಮೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ 750 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿ ಈಗ ಅದು 420ರ ಆಸುಪಾಸು ಇದೆ. ಒಳಗೆ ಸಾವಿರ ದಾಟಿತೆಂದರೆ ಕೋಣೆಯ ಗಾಳಿ ಹಳಸಿದೆ ಎಂದು ಲೆಕ್ಕ. ನಮ್ಮ ಹುಡುಗ ಒಂದು ತಾಸು ಓದುವಷ್ಟರಲ್ಲೇ ಅದು ಸಾವಿರ ದಾಟಿರುತ್ತದೆ. ತಂಗಿಯೂ ಅಲ್ಲೇ ಓದುತ್ತಿದ್ದರೆ ಅರ್ಧ ತಾಸು ಸಾಕು. ಇದೇನೂ ವಿಷವಲ್ಲ, ಆದರೆ ತಲೆ ಭಾರವಾಗುತ್ತದೆ, ಆಕಳಿಕೆ ಬರುತ್ತದೆ. ‘ಪುಸ್ತಕ ಹಿಡಿದರೆ ಸಾಕು ಇವನಿಗೆ ನಿದ್ದೆ’ ಎಂದು ಬೈಯುವ ಪಾಲಕರು ಒಮ್ಮೆ ಕಿಟಕಿಯ ಕಡೆಗೂ ನೋಡುವುದು ಒಳ್ಳೆಯದು.

ಹಳೆಯ ಹೆಂಚಿನ ಮಾಡಿನಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಹೆಂಚುಗಳ ಸಂದಿನಲ್ಲಿ ಬಿಸಿಗಾಳಿ ಮೇಲೇರಿ ಹೊರಹೋಗುತ್ತಿತ್ತು. ಈಗ ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹಲಗೆಯ ಒಳಮಾಡು ಹೊಡೆದು ಆ ದಾರಿಯನ್ನೂ ಮುಚ್ಚುತ್ತಾರೆ. ಹಾಗೆ ಮಾಡುವುದಾದರೆ ಗೋಡೆಯ ಮೇಲ್ಭಾಗದಲ್ಲಿ ಜಾಳಿಗೆ ಹಾಕಿದ ಗಾಳಿಕಂಡಿಗಳು ಇರಲೇಬೇಕು.

ಇನ್ನು ಕಿಟಕಿ ಎಲ್ಲಿಡಬೇಕು? ಭೂಗೋಲದ ಪುಸ್ತಕದಲ್ಲಿ ಕಡಲಗಾಳಿ, ನೆಲಗಾಳಿಗಳ ಚಿತ್ರ ನೋಡಿದ್ದೀರಿ. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲ ಬೇಗ ತಣಿಯುವುದರಿಂದ ನೆಲದಿಂದ ಕಡಲಿಗೆ ಬೀಸುತ್ತದೆ. ಕೋಡಿಬಾಗದವರಿಗೂ ಬೆಳಂಬಾರದವರಿಗೂ ಇದನ್ನು ಚಿತ್ರ ಬರೆದು ತಿಳಿಸಬೇಕಾಗಿಲ್ಲ. ಕಡಲು ನಮಗೆ ಪಶ್ಚಿಮಕ್ಕಿದೆ. ಆದ್ದರಿಂದ ಪಶ್ಚಿಮದ ಕಡೆಗೊಂದು, ಎದುರು ಅಥವಾ ಪಕ್ಕದ ಗೋಡೆಯಲ್ಲಿ ಇನ್ನೊಂದು ಕಿಂಡಿ ಇದ್ದರೆ ಗಾಳಿ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡ ಕಿಟಕಿಯಿಟ್ಟರೂ ಅಷ್ಟು ಪ್ರಯೋಜನವಿಲ್ಲ. ಹೋಗಲು ದಾರಿಯಿಲ್ಲದ ಗಾಳಿ ಬರುವುದೂ ಇಲ್ಲ.

ಈಚೆಗೆ ಎಲ್ಲರೂ ಇಷ್ಟಪಡುವ ಅಲ್ಯೂಮಿನಿಯಂ ಜಾರು ಕಿಟಕಿಯ ಬಗ್ಗೆ ಒಂದು ಮಾತು. ಎರಡು ಗಾಜಿನ ಜಾರು ಕಿಟಕಿಯನ್ನು ಎಷ್ಟೇ ಸರಿಸಿದರೂ ತೆರೆದುಕೊಳ್ಳುವುದು ಅರ್ಧ ಮಾತ್ರ. ಬಿಲ್ಲಿನಲ್ಲಿ 2 ಚದರ ಮೀಟರ್ ಕಿಟಕಿ, ಗಾಳಿಗೆ ಒಂದೇ ಚದರ ಮೀಟರ್! ಬಿಜಾಗರಿಯ ಮೇಲೆ ತಿರುಗುವ ಹಳೆಯ ಕದದ ಕಿಟಕಿ ಪೂರ್ತಿ ತೆರೆಯುತ್ತದೆ. ಜಾರು ಕಿಟಕಿಯನ್ನೇ ಹಾಕಿಸುವವರು ಅಳತೆಯನ್ನು ಆ ಲೆಕ್ಕದಲ್ಲಿ ಹೆಚ್ಚಿಸಿಕೊಳ್ಳಬೇಕು.

ಬಿಸಿಲು ಎಲ್ಲಿಂದ ಬರುತ್ತದೆ?

ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲಿರುತ್ತಾನೆ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಏಪ್ರಿಲ್ ಮುಗಿದು ಮೇ ಹುಟ್ಟುವ ಹೊತ್ತಿಗೆ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಇನ್ನೊಮ್ಮೆ. ಈ ಎರಡರ ನಡುವಿನ ದಿನಗಳಲ್ಲಿ ನಡುಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕಿರುತ್ತಾನೆ, ನಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತದೆ. ರಜೆಯಲ್ಲಿ ಅಂಗಳದಲ್ಲೊಂದು ಕೋಲು ನೆಟ್ಟು ನೋಡಿ.

ಡಿಸೆಂಬರ್ 22ರ ಹೊತ್ತಿಗೆ ಮಾತ್ರ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ನಡುಮಧ್ಯಾಹ್ನದಲ್ಲಿ ಅವನ ಎತ್ತರ ಸುಮಾರು 52 ಡಿಗ್ರಿ. ಹತ್ತನೇ ಇಯತ್ತೆಯವರಿಗೆ ತ್ರಿಕೋನಮಿತಿ ಗೊತ್ತು. ದಕ್ಷಿಣದ ಕಿಟಕಿಯ ಮೇಲೆ 60 ಸೆಂಟಿಮೀಟರ್ ಛಜ್ಜಾ ಇದ್ದರೆ ಅದರ ನೆರಳು ಗೋಡೆಯ ಮೇಲೆ 60ನ್ನು ಟ್ಯಾನ್ 52ರಿಂದ ಗುಣಿಸಿದಷ್ಟು, ಅಂದರೆ ಸುಮಾರು 77 ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. ಆಗ ಕಿಟಕಿಯ ಮೇಲಿನ ಸುಮಾರು ಮೂರರಲ್ಲಿ ಎರಡು ಭಾಗ ನೆರಳಿನಲ್ಲಿರುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಹತ್ತಿರವಿರುವಾಗ ಪೂರ್ತಿ ನೆರಳು. ದಕ್ಷಿಣದ ಬಿಸಿಲನ್ನು ಹೀಗೆ ಛಜ್ಜಾದಿಂದ ಆಳಬಹುದು. ಪಶ್ಚಿಮದ ಇಳಿಬಿಸಿಲನ್ನು ಛಜ್ಜಾ ತಡೆಯಲಾರದು, ಸೂರ್ಯ ಅದರ ಅಡಿಯಿಂದಲೇ ಒಳಗೆ ಇಣುಕುತ್ತಾನೆ. ಅಲ್ಲಿಗೆ ಓರೆ ಪಟ್ಟಿಗಳ ಕದ ಸೂಕ್ತ. ಪಟ್ಟಿಗಳು ಹೊರಕ್ಕೆ ಇಳಿಜಾರಾಗಿದ್ದರೆ ಬಿಸಿಲು ನಿಲ್ಲುತ್ತದೆ, ಸಾಧಾರಣ ಮಳೆ ನಿಲ್ಲುತ್ತದೆ, ಗಾಳಿ ಹಾಯುತ್ತದೆ.

ಜಗಲಿಯ ಮಾಡು ಇಳಿಜಾರಾಗಿ ಬರುವುದರಿಂದ ಹೊರಗಿನ ಅಂಚಿನಲ್ಲಿ ಎತ್ತರ ಕಡಿಮೆ. ಕಿಟಕಿಯನ್ನು ಮೇಲೆ ಒಯ್ಯಲು ಜಾಗವಿರುವುದಿಲ್ಲ. ಹಗಲ ಬೆಳಕು ಕೋಣೆಯೊಳಗೆ ಕಿಟಕಿಯ ಮೇಲಂಚಿನ ಎತ್ತರದ ಸುಮಾರು ಎರಡು ಪಟ್ಟಿನಷ್ಟು ದೂರ ಮಾತ್ರ ಚೆನ್ನಾಗಿ ತಲುಪುತ್ತದೆ. ಆದ್ದರಿಂದ ಒಂದೆರಡು ಗಾಜಿನ ಹೆಂಚು ಹಾಕುವ ಹಿರಿಯರ ಉಪಾಯ ಇಂದಿಗೂ ಅಗ್ಗ ಮತ್ತು ಒಳ್ಳೆಯದು. ಓದುವ ಮೇಜಿನ ನೇರ ಮೇಲೆ ಅದು ಬರದಿರಲಿ, ಒಳಕೋಣೆಯ ಕಿಟಕಿಯ ಮುಂದೆ ಬರಲಿ. ಬಲಗೈಯಲ್ಲಿ ಬರೆಯುವವರಿಗೆ ಕಿಟಕಿ ಎಡಗಡೆಗಿರಲಿ, ಎಡಗೈಯವರಿಗೆ ಬಲಗಡೆಗೆ. ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು.

ಮಳೆ ಕೆಳಗಿನಿಂದಲೂ ಬರುತ್ತದೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಮೂರು ಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದು ನೆಟ್ಟಗೆ ಸುರಿಯುವ ಮಳೆಯೂ ಅಲ್ಲ, ಪಶ್ಚಿಮದಿಂದ ಅಡ್ಡಡ್ಡ ಹೊಡೆಯುವ ಮಳೆ. ಹಿಂದೆ ಮಳೆಗಾಲ ಬಂತೆಂದರೆ ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಳೆ ಮುಗಿದ ಮೇಲೆ ಬಿಚ್ಚುತ್ತಿದ್ದರು. ಕೋಣೆಯಾದ ಮೇಲೆ ಆ ಕೆಲಸವನ್ನು ಕಿಟಕಿಯೇ ಮಾಡಬೇಕು.

ಕಿಟಕಿಯ ಕೆಳಗಿನ ಹಾಸು ಹೊರಕ್ಕೆ ಇಳಿಜಾರಾಗಿರಬೇಕು, ಗೋಡೆಯಿಂದ ನಾಲ್ಕು ಬೆರಳಾದರೂ ಮುಂದಕ್ಕೆ ಚಾಚಿರಬೇಕು. ಅಷ್ಟೇ ಸಾಲದು, ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆಯಂಥ ಗೆರೆ ಇರಬೇಕು. ಏಕೆ ಗೊತ್ತೇ? ನೀರಿಗೆ ಅಂಟುವ ಗುಣವಿದೆ. ಲೋಟದಿಂದ ನಿಧಾನವಾಗಿ ನೀರು ಬಗ್ಗಿಸಿದರೆ ಅದು ಕೆಳಗೆ ಬೀಳದೆ ಲೋಟದ ಹೊರಮೈಯನ್ನೇ ಹಿಡಿದು ಹರಿಯುವುದನ್ನು ನೋಡಿದ್ದೀರಿ. ಹಾಗೆಯೇ ಕಲ್ಲಿನ ಅಂಚು ದಾಟಿದ ನೀರು ಅಡಿಮೈಯನ್ನು ಹಿಡಿದು ಹಿಂದಕ್ಕೆ ಗೋಡೆಗೆ ಹರಿಯುತ್ತದೆ. ನಡುವೆ ಗೆರೆಯಿದ್ದರೆ ಅದನ್ನು ದಾಟಲಾರದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಒಂದು ಗೆರೆ ಎಳೆಯಲು ಗಾರೆಯವನಿಗೆ ಹತ್ತು ನಿಮಿಷ ಸಾಕು. ಅದಿಲ್ಲದೆ ಪ್ರತಿ ವರ್ಷ ಕಿಟಕಿಯ ಕೆಳಗೆ ಮೂಡುವ ಹಸಿರು ಕಲೆಗೆ ಬಣ್ಣ ಬಳಿಯುತ್ತಲೇ ಇರಬೇಕು. ಜಾರು ಕಿಟಕಿಯ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಅವು ಧೂಳಿನಿಂದ ಮುಚ್ಚಿಕೊಳ್ಳದಂತೆ ಮೇ ತಿಂಗಳಲ್ಲೊಮ್ಮೆ ಕಡ್ಡಿ ಹಾಕಿ ಬಿಡಿಸಬೇಕು.

ನೀರು ಕೆಳಗಿನಿಂದಲೂ ಏರುತ್ತದೆ. ನಮ್ಮ ಚಿರೆಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳನ್ನು ಸುತ್ತಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ಈ ಕಲ್ಲನ್ನು ವರ್ಣಿಸಿದ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕಡಿಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಆದರೆ ಮೈತುಂಬ ತೂತು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಂಡಂತೆ ಅದು ನೆಲದ ತೇವವನ್ನು ಮೇಲಕ್ಕೆಳೆಯುತ್ತದೆ. ಹೊಸ ಗೋಡೆಯನ್ನು ಜಗಲಿಯ ನೆಲದ ಮೇಲೆ ಎಬ್ಬಿಸುವಾಗ ಮೊದಲು ತೇವ ತಡೆಯುವ ಒಂದು ಕಾಂಕ್ರೀಟು ಪದರ ಹಾಕದಿದ್ದರೆ ಬಾಗಿಲಿನ ಚೌಕಟ್ಟಿನ ಕಾಲುಗಳು ಕೊಳೆಯುವುದು ಅಲ್ಲಿಂದಲೇ.

ಮರ ಉಬ್ಬುತ್ತದೆ, ಕಬ್ಬಿಣ ಬಿರಿಯುತ್ತದೆ

‘ಹೊಸ ಬಾಗಿಲು ಮಳೆಗಾಲದಲ್ಲಿ ಹಾಕಲಿಕ್ಕೇ ಬರುವುದಿಲ್ಲ’ ಎಂಬ ದೂರಿಲ್ಲದ ಮನೆ ಕಡಿಮೆ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನೆ ಅಲ್ಲ. ನಾರಿನ ಉದ್ದಕ್ಕೆ ಬಹುತೇಕ ಏನೂ ಬದಲಾಗದು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಹಲಗೆಗಳನ್ನು ಜೋಡಿಸಿದ 80 ಸೆಂಟಿಮೀಟರ್ ಅಗಲದ ಬಾಗಿಲು ನೂರಕ್ಕೆ ಒಂದು ಭಾಗ ಹಿಗ್ಗಿದರೂ 8 ಮಿಲಿಮೀಟರ್ ಆಯಿತು. ಚೌಕಟ್ಟಿನಲ್ಲಿ ಅಷ್ಟು ಜಾಗ ಎಲ್ಲಿದೆ? ಇದಕ್ಕೆ ಬಡಗಿಗಳು ಕಂಡುಕೊಂಡ ಉತ್ತರವೇ ಫಲಕದ ಬಾಗಿಲು. ಸುತ್ತಲೂ ಗಟ್ಟಿ ಪಟ್ಟಿಯ ಕಟ್ಟು, ನಡುವಿನ ಫಲಕವನ್ನು ಅಂಟಿಸದೆ, ಮೊಳೆ ಹೊಡೆಯದೆ, ಪಟ್ಟಿಯ ಗಾಡಿಯಲ್ಲಿ ಸಡಿಲವಾಗಿ ಕೂರಿಸುತ್ತಾರೆ. ಫಲಕ ತನ್ನ ಪಾಡಿಗೆ ಹಿಗ್ಗಲಿ, ಕುಗ್ಗಲಿ. ಬಾಗಿಲಿನ ಅಗಲ ಹೆಚ್ಚು ಬದಲಾಗದು.

ಕರಾವಳಿಯಲ್ಲಿ ಗಾಳಿ ಒಣಗಿರುವುದು ಡಿಸೆಂಬರ್, ಜನವರಿಗಳಲ್ಲಿ. ಆಗ ಬಿಗಿಯಾಗಿ ಕೂರಿಸಿದ ಬಾಗಿಲು ಜುಲೈಯಲ್ಲಿ ಕಚ್ಚಿಕೊಳ್ಳದೆ ಬಿಡದು. ಎರಡು ಒಂದು ರೂಪಾಯಿ ನಾಣ್ಯಗಳನ್ನು ಜೋಡಿಸಿ ಹಿಡಿದರೆ ಎಷ್ಟು ದಪ್ಪವೋ ಅಷ್ಟು ಸಂದು ಬಾಗಿಲಿನ ಸುತ್ತ ಇರಲಿ. ಇನ್ನೊಂದು ಗುಟ್ಟು: ಬಾಗಿಲಿನ ಎರಡೂ ಮುಖಕ್ಕೆ ಬಣ್ಣ ಹೊಡೆಸುವವರು ಮೇಲಿನ ಮತ್ತು ಕೆಳಗಿನ ಅಂಚನ್ನು ಮರೆಯುತ್ತಾರೆ. ನಾರಿನ ಬಾಯಿ ತೆರೆದಿರುವುದು ಅಲ್ಲಿಯೇ. ಕುಡಿಯುವ ನಳಿಗೆಯಂತೆ ನೀರು ಏರುವುದೂ ಅಲ್ಲಿಂದಲೇ. ಬಾಗಿಲನ್ನು ಬಿಜಾಗರಿಗೆ ಏರಿಸುವ ಮುಂಚೆಯೇ ಆ ಅಂಚುಗಳಿಗೆ ಎರಡು ಕೋಟು ಬಣ್ಣ ಕುಡಿಸಬೇಕು.

ಇನ್ನು ಉಪ್ಪು. ಉಪ್ಪೆಂದರೆ ಅಂಕೋಲೆಯವರಿಗೆ 1930ರ ಸತ್ಯಾಗ್ರಹ ನೆನಪಾಗುತ್ತದೆ. ನಮ್ಮ ಬಿಜಾಗರಿಗಳಿಗೆ ಮಾತ್ರ ಅದು ದಿನನಿತ್ಯದ ಶತ್ರು. ಅಲೆ ಒಡೆದಾಗ ಹಾರುವ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ತೇಲಿ ಬಂದು ಎಲ್ಲದರ ಮೇಲೂ ಉಪ್ಪಿನ ಪದರ ಬಿಡುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ಒದ್ದೆಯಾಗುವುದು ಇದೇ ಕಾರಣಕ್ಕೆ. ಹೀಗೆ ಕಬ್ಬಿಣದ ಮೇಲೆ ಸದಾ ಉಪ್ಪುನೀರಿನ ತೆಳು ಪೊರೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಗಾರೆಯೊಳಗೆ ಹುಗಿದ ಗ್ರಿಲ್ಲಿನ ಕಾಲು ಗೋಡೆಯನ್ನೇ ಬಿರಿಸುತ್ತದೆ. ಬಿಜಾಗರಿ, ಚಿಲಕ, ಸ್ಕ್ರೂಗಳು ಹಿತ್ತಾಳೆಯವಾಗಲಿ, ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಲಿ ಇರಲಿ. ಬಿಜಾಗರಿ ಹಿತ್ತಾಳೆ, ಸ್ಕ್ರೂ ಮಾತ್ರ ಕಬ್ಬಿಣ ಎಂಬ ಉಳಿತಾಯ ಬೇಡ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಅದು ನೀವು ಪ್ರಯೋಗಶಾಲೆಯಲ್ಲಿ ನೋಡಿದ ವಿದ್ಯುತ್‌ಕೋಶವೇ. ಅದರಲ್ಲಿ ಸವೆಯುವುದು ಕಬ್ಬಿಣ. ಅಲ್ಯೂಮಿನಿಯಂ ಚೌಕಟ್ಟಿಗೆ ಕಬ್ಬಿಣದ ಸ್ಕ್ರೂ ಹಾಕಿದರೂ ಇದೇ ಕಥೆ, ಅಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ.

ಚೌಕಟ್ಟು ನಿಲ್ಲಿಸುವ ದಿನ

ಈ ದಿನ ಮಕ್ಕಳು ಮನೆಯಲ್ಲೇ ಇರಬೇಕು. ಮೇಸ್ತ್ರಿ ತೂಗುಗುಂಡು ಇಳಿಬಿಡುವಾಗ ಗುರುತ್ವ, ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡುವಾಗ ದ್ರವದ ಒತ್ತಡ, ದಾರ ಹಿಡಿದು ಮೂಲೆ ನೋಡುವಾಗ ಪೈಥಾಗೊರಸ್ ಕಣ್ಣೆದುರಿಗೆ ಬರುತ್ತಾರೆ. 90 ಸೆಂಟಿಮೀಟರ್ ಅಗಲ, 210 ಸೆಂಟಿಮೀಟರ್ ಎತ್ತರದ ಚೌಕಟ್ಟಿನ ಕರ್ಣ ಎಷ್ಟು? ಲೆಕ್ಕ ಮಾಡಿ: ಸುಮಾರು 228.5 ಸೆಂಟಿಮೀಟರ್. ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮನಾಗಿಲ್ಲದಿದ್ದರೆ ಚೌಕಟ್ಟು ಓರೆಯಾಗಿದೆ, ಗಾರೆ ಗಟ್ಟಿಯಾಗುವ ಮುಂಚೆ ಹೇಳಿ.

ಬಿಜಾಗರಿಗಳನ್ನು ದೂರ ದೂರ ಏಕೆ ಇಡುತ್ತಾರೆ? 25 ಕಿಲೋ ತೂಕದ, 80 ಸೆಂಟಿಮೀಟರ್ ಅಗಲದ ಬಾಗಿಲಿನ ಭಾರ ಬಿಜಾಗರಿಯಿಂದ 40 ಸೆಂಟಿಮೀಟರ್ ಆಚೆ ಕೇಂದ್ರಿತವಾಗಿರುತ್ತದೆ. ಮೇಲಿನ ಮತ್ತು ಕೆಳಗಿನ ಬಿಜಾಗರಿಗಳ ನಡುವೆ 150 ಸೆಂಟಿಮೀಟರ್ ಇದ್ದರೆ ಮೇಲಿನದನ್ನು ಹೊರಕ್ಕೆಳೆಯುವ ಬಲ 25 ಗುಣಿಸು 40 ಭಾಗಿಸು 150, ಅಂದರೆ ಸುಮಾರು ಆರೂಮುಕ್ಕಾಲು ಕಿಲೋ ತೂಕದಷ್ಟು. ಅಂತರ ಅರ್ಧವಾದರೆ ಎಳೆತ ಇಮ್ಮಡಿ. ಬಾಗಿಲು ಜೋತುಬೀಳುವುದು ಹೀಗೆ.

ಗೋಡೆಯ ಭಾರವನ್ನೂ ಮರೆಯಬೇಡಿ. ನಾಲ್ಕು ಮೀಟರ್ ಉದ್ದ, ಆಳೆತ್ತರಕ್ಕಿಂತ ತುಸು ಹೆಚ್ಚಿನ, ಇಪ್ಪತ್ತು ಸೆಂಟಿಮೀಟರ್ ದಪ್ಪದ ಚಿರೆಕಲ್ಲಿನ ಗೋಡೆ ಕಿಟಕಿಗಳನ್ನು ಕಳೆದರೂ ಸುಮಾರು ಎರಡೂವರೆ ಟನ್ ತೂಗುತ್ತದೆ. ಐವತ್ತು ಚೀಲ ಸಿಮೆಂಟನ್ನು ಜಗಲಿಯ ಅಂಚಿನಲ್ಲಿ ಸಾಲಾಗಿ ಪೇರಿಸಿದಂತೆ! ಎಷ್ಟೋ ಹಳೆಯ ಜಗಲಿಗಳ ಅಂಚಿನಡಿಯಲ್ಲಿ ಇರುವುದು ಮಣ್ಣು ತುಂಬಿದ ಕಟ್ಟೆ ಮಾತ್ರ. ಒಂದು ಕಡೆ ಅಗೆದು ಪಾಯ ನೋಡದೆ ಗೋಡೆ ಎಬ್ಬಿಸಿದರೆ ಮೊದಲ ಮಳೆಗೆ ಅದು ಕುಸಿದು, ಹಳೆ ಗೋಡೆ ಸೇರುವಲ್ಲಿ ಬಿರುಕು ಬಿಡುತ್ತದೆ. ಕಿಟಕಿಯ ಚೌಕಟ್ಟು ಓರೆಯಾಗಿ ಗಾಜು ಒಡೆಯುವುದೂ ಉಂಟು.

ಗಾಳಿಯ ಬಲವೂ ಹೊಸ ಲೆಕ್ಕ. ತೆರೆದ ಜಗಲಿಯಲ್ಲಿ ಗಾಳಿ ಹಾಯ್ದುಹೋಗುತ್ತಿತ್ತು, ಈಗ ಕದಕ್ಕೆ ಬಡಿಯುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಗಂಟೆಗೆ 90 ಕಿಲೋಮೀಟರ್ ವೇಗದ ಗಾಳಿ ಮುಕ್ಕಾಲು ಚದರ ಮೀಟರಿನ ಕದವನ್ನು ಸುಮಾರು 28 ಕಿಲೋ ತೂಕದಷ್ಟು ಬಲದಿಂದ ತಳ್ಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದ ದಿನಗಳನ್ನು ಮರೆತವರಿಲ್ಲ. ಪ್ರತಿ ಕದಕ್ಕೂ ಕೊಂಡಿ, ಮೇಲೆ ಕೆಳಗೆ ಎರಡು ಚಿಲಕ ಇರಲಿ.

ಜೀವದ ಪ್ರಶ್ನೆ

ಇಷ್ಟು ಹೊತ್ತು ಹೇಳಿದ್ದು ತಪ್ಪಿದರೆ ದುಡ್ಡು ಹೋದೀತು. ಇನ್ನು ಹೇಳುವುದು ತಪ್ಪಿದರೆ ಹಿಂದೆ ಬರುವುದಿಲ್ಲ.

ಹಿತ್ತಿಲ ಕಡೆಯ ಜಗಲಿಯಲ್ಲಿ ಗ್ಯಾಸ್ ಸಿಲಿಂಡರ್, ಬಿಸಿನೀರಿನ ಗ್ಯಾಸ್ ಗೀಜರ್, ಇನ್ವರ್ಟರ್ ಬ್ಯಾಟರಿ ಇಡುವುದು ರೂಢಿ. ತೆರೆದ ಜಗಲಿಗೆ ಅದು ಸರಿ. ಅದನ್ನೇ ಮುಚ್ಚಿ ಕೋಣೆ ಮಾಡಿದಾಗ ಇವು ಒಳಗೇ ಉಳಿದರೆ ಅಪಾಯ. ಅಡುಗೆ ಅನಿಲದಲ್ಲಿರುವ ಪ್ರೊಪೇನಿನ ಅಣುತೂಕ 44, ಬ್ಯೂಟೇನಿನದು 58. ಗಾಳಿಯದು ಸರಾಸರಿ 29. ಸೋರಿದ ಅನಿಲ ಮೇಲೇರದು, ನೀರಿನಂತೆ ನೆಲದ ಮೇಲೆ ಹರಡಿ ಹೊಸಿಲಿನ ಒಳಗೆ ನಿಲ್ಲುತ್ತದೆ. ಎತ್ತರದ ಕಿಟಕಿ ತೆರೆದರೂ ಅದು ಹೊರಹೋಗದು. ಬ್ಯಾಟರಿಯಿಂದ ಹೊರಡುವ ಜಲಜನಕ ಇದಕ್ಕೆ ವಿರುದ್ಧ, ಅದು ಹಗುರ, ಮಾಡಿನಡಿ ಸೇರುತ್ತದೆ. ಗೀಜರಿನ ಉರಿಗೆ ಆಮ್ಲಜನಕ ಸಾಲದಾದರೆ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆ ಬಂದಂತಾಗಿ ಎಚ್ಚರ ತಪ್ಪುತ್ತದೆ. ಮಲಗುವ, ಓದುವ ಕೋಣೆಯಲ್ಲಿ ಈ ಮೂರಕ್ಕೂ ಜಾಗವಿಲ್ಲ. ಬಾಗಿಲು ಇಡುವ ಮುಂಚೆ ಇವನ್ನು ಹೊರಗೆ ಸಾಗಿಸಿ. ಅಡುಗೆಮನೆಯ ಕಿಟಕಿ ಹೊಸ ಕೋಣೆಗೆ ತೆರೆಯುವಂತಿದ್ದರೂ ಹಾಗೆಯೇ. ಹೊಗೆಗೆ ಬೇರೆ ದಾರಿ ಆಗಲಿ.

ಎರಡನೆಯದು, ಹೊರಗೋಡುವ ದಾರಿ. ಕಳ್ಳರ ಭಯಕ್ಕೆ ಎಲ್ಲ ಕಿಟಕಿಗೂ ಗ್ರಿಲ್ ಬೆಸುಗೆ ಹಾಕಿಸುತ್ತೇವೆ. ಬೆಂಕಿಯೋ ಅನಿಲವೋ ಒಳಬಾಗಿಲ ಕಡೆ ಇದ್ದರೆ ಒಳಗಿರುವ ಮಗು ಎಲ್ಲಿಂದ ಹೊರಬರಬೇಕು? ಒಂದು ಕಿಟಕಿಯ ಗ್ರಿಲ್ಲನ್ನಾದರೂ ಬಿಜಾಗರಿಯ ಮೇಲೆ ತೆರೆಯುವಂತೆ ಮಾಡಿಸಿ. ದೊಡ್ಡವರೊಬ್ಬರು ನುಸುಳಿ ಹೋಗುವಷ್ಟು ಅಗಲವಿರಲಿ, ಚಿಲಕ ಒಳಗಡೆ ಇರಲಿ, ಅದಕ್ಕೆ ಬೀಗ ಬೇಡ. ವರ್ಷಕ್ಕೆರಡು ಸಲ ಮಕ್ಕಳ ಕೈಯಲ್ಲೇ ತೆಗೆಸಿ ನೋಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಇಲ್ಲಿ ದಿಡ್ಡಿ ಬಾಗಿಲನ್ನು ಮೊದಲೇ ತೆರೆದಿಡಬೇಕು.

ಜಗಲಿ ನಮ್ಮದೇ ಆದರೂ ಅದನ್ನು ಕೋಣೆ ಮಾಡಲು ನಗರಸಭೆ, ಪುರಸಭೆ ಅಥವಾ ಪಂಚಾಯತಿಯಲ್ಲಿ ವಿಚಾರಿಸಬೇಕು. ಕಡಲ ದಂಡೆಯ ಮನೆಗಳಿಗೆ ಇನ್ನೊಂದು ವಿಷಯವಿದೆ. 1991ರಲ್ಲಿ ಮೊದಲು ಬಂದು 2011 ಮತ್ತು 2019ರಲ್ಲಿ ಬದಲಾದ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಭರತರೇಖೆಯಿಂದ 500 ಮೀಟರ್‌ವರೆಗಿನ ಕಟ್ಟಡಗಳಿಗೆ ತಗಲುತ್ತವೆ. ಕಟ್ಟಿದ ಮೇಲೆ ಕೆಡವುವ ಸಂಕಟ ಯಾರಿಗೂ ಬೇಡ.

ಕೊನೆಗೆ ಒಂದು ಪ್ರಯೋಗ. ಖರ್ಚಿಲ್ಲದ್ದು, ಮಕ್ಕಳೇ ಮಾಡಬಹುದಾದದ್ದು. ಬಡಗಿಗೆ ಮುಂಗಡ ಕೊಡುವ ಮುಂಚಿನ ಒಂದು ರವಿವಾರ, ಗೋಡೆ ಬರುವ ಕಡೆಯೆಲ್ಲ ತಾಡಪತ್ರಿ, ಹಳೆ ಚಾದರಗಳನ್ನು ಇಳಿಬಿಡಿ. ಕಿಟಕಿ ಬರುವ ಕಡೆ ಅಷ್ಟೇ ಅಳತೆಯ ಕಂಡಿ ಬಿಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೇ ಇರಲಿ. ಒಳಗೆ ಮೇಜಿಟ್ಟು ಒಂದು ತಾಸು ಓದಿ. ಊದಿನಕಡ್ಡಿ ಹಚ್ಚಿ ಅದರ ಹೊಗೆ ಎತ್ತ ಹೋಗುತ್ತದೆ, ಇಲ್ಲವೇ ಎಲ್ಲೂ ಹೋಗದೆ ತಿರುಗುತ್ತದೆಯೇ ನೋಡಿ. ಆಮೇಲೆ ಒಳಕೋಣೆಗೆ ಹೋಗಿ ದೀಪ ಹಾಕದೆ ಅಂದಿನ ಪೇಪರು ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ. ಅಜ್ಜಿಯನ್ನೂ ಕೇಳಿ: ‘ಅಜ್ಜಿ, ಸೆಕೆ ಆಗ್ತದಾ? ಕಾಣ್ತದಾ?’

ಅವರ ಉತ್ತರವನ್ನು ಬರೆದುಕೊಂಡು, ಕಿಟಕಿಯ ಅಳತೆಯನ್ನು ಆಮೇಲೆ ಬಡಗಿಗೆ ಕೊಡಿ.